ಟ್ಯಾಂಕ್ ತುಂಬ ನೀರಿದೆ, ಗಾಜಿಗೆ ಯಾಕೆ ಬರುತ್ತಿಲ್ಲ?

ಪ್ರಶ್ನೆ: ಕಾರಿನ ಮುಂದಿನ ಗಾಜು ತೊಳೆಯೋಣ ಅಂತ ಲಿವರ್ ಎಳೆದರೆ ವೈಪರ್ ಆಡುತ್ತದೆ, ನೀರು ಮಾತ್ರ ಬರುವುದಿಲ್ಲ. ಟ್ಯಾಂಕ್ ಭರ್ತಿ ಇದೆ. ನೀರು ಚಿಮ್ಮಿಸುವ ಮೋಟಾರ್ ಹೋಗಿದೆ, ಹೊಸದು ಹಾಕಿಸಿ ಅನ್ನುತ್ತಾರೆ. ಹಾಕಿಸಲೇಬೇಕಾ?

ಉತ್ತರ: ಸ್ವಲ್ಪ ತಡೆಯಿರಿ. ಮೊದಲು ಕಿವಿಗೆ ಕೆಲಸ ಕೊಡಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಕಿಟಕಿ ಇಳಿಸಿ, ಇನ್ನೊಬ್ಬರನ್ನು ಬಾನೆಟ್ ಪಕ್ಕ ನಿಲ್ಲಿಸಿ, ಲಿವರ್ ಎಳೆಯಿರಿ. ವೈಪರ್ ಸದ್ದಿನ ಕೆಳಗೆ 'ಗುಂಯ್' ಅಂತ ಸಣ್ಣ ಸದ್ದು ಕೇಳಿಸಿತಾ? ಹಾಗಾದರೆ ಮೋಟಾರ್ ತಿರುಗುತ್ತಿದೆ. ನೀರಿನ ದಾರಿಯಲ್ಲಿ ಎಲ್ಲೋ ಅಡ್ಡಿಯಿದೆ, ಇಲ್ಲವೇ ಪೈಪು ಬಿಟ್ಟಿದೆ. ಹುಡುಕಬೇಕಾದ್ದು ಅದನ್ನು.

ಹುಡುಕುವುದನ್ನು ನಾಜಲ್, ಅಂದರೆ ಗಾಜಿಗೆ ನೀರು ಚಿಮ್ಮುವ ಸಣ್ಣ ಮೂತಿಯ ಕಡೆಯಿಂದ ಶುರು ಮಾಡಿ. ಹೆಚ್ಚಿನ ಕಾರುಗಳಲ್ಲಿ ಬಾನೆಟ್ ಎತ್ತಿದರೆ ನಾಜಲ್‌ಗೆ ಸಿಕ್ಕಿಸಿದ ತೆಳು ರಬ್ಬರ್ ಪೈಪು ಕಾಣುತ್ತದೆ. ಅದನ್ನು ನಿಧಾನಕ್ಕೆ ಎಳೆದು ಬಿಚ್ಚಿ, ಮತ್ತೆ ಲಿವರ್ ಎಳೆಯಲು ಹೇಳಿ. ಪೈಪಿನಿಂದ ನೀರು ಚಿಮ್ಮಿತು ಅಂದರೆ ನಾಜಲ್ ಕಟ್ಟಿಕೊಂಡಿದೆ, ಅಷ್ಟೇ. ಗಡಸು ನೀರು ಹಾಕುತ್ತಿದ್ದರೆ ಆ ಸಣ್ಣ ತೂತಿನಲ್ಲಿ ಬಿಳಿ ಸುಣ್ಣದಂಥ ಪದರ ಕೂರುತ್ತದೆ, ಮೇಲಿಂದ ಧೂಳು ಮತ್ತು ಕಾರಿಗೆ ಹಚ್ಚಿದ ಮೇಣವೂ ಸೇರಿಕೊಳ್ಳುತ್ತದೆ. ನಾಜಲ್ ಬಿಚ್ಚಲು ಬಂದರೆ ಬಿಳಿ ವಿನಿಗರ್ ಬೆರೆಸಿದ ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆಮೇಲೆ ನೀರು ಹೊರಗೆ ಚಿಮ್ಮುವ ತುದಿಯಿಂದ ಹಿಂದಕ್ಕೆ ಗಾಳಿ ಹೊಡೆಯಿರಿ. ತೆಳು ಸೂಜಿ ಆಡಿಸಬಹುದು, ಆದರೆ ಬಲ ಹಾಕಬೇಡಿ. ಬೀಸಣಿಗೆಯಂತೆ ಅಗಲವಾಗಿ ನೀರು ಚೆಲ್ಲುವ ನಾಜಲ್ ಆದರೆ ಸೂಜಿ ಬೇಡವೇ ಬೇಡ, ಅದರ ಬಾಯಿ ಕೆಟ್ಟರೆ ನೀರು ಮತ್ತೆ ಸರಿಯಾಗಿ ಹರಡುವುದಿಲ್ಲ.

ಬಿಚ್ಚಿದ ಪೈಪಿನಿಂದಲೂ ನೀರು ಬರಲಿಲ್ವಾ? ಟ್ಯಾಂಕ್ ಕಡೆಗೆ ಒಂದೊಂದೇ ಜೋಡಣೆ ನೋಡುತ್ತಾ ಹೋಗಿ. ಬಾನೆಟ್ ಹಿಂಜ್ ಹತ್ತಿರ ಪೈಪು ಪ್ರತಿ ಸಲ ಮಡಚಿ ಬಿಚ್ಚಿ ಆಗುತ್ತದೆ, ಹಾಗಾಗಿ ಅಲ್ಲೇ ಜಾಸ್ತಿ ಸೀಳುತ್ತದೆ. ನನ್ನ ಕಾರಿನಲ್ಲೂ ಆಗಿದ್ದು ಅದೇ, ಎರಡು ದಿನ ನಾಜಲ್ ತಿಕ್ಕಿದ ಮೇಲೆ ಗೊತ್ತಾಯಿತು. ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತಿದೆಯಾ ಅಂತಲೂ ನೋಡಿ. ಕೆಲವು ಕಾರುಗಳ ಪೈಪಿನ ನಡುವೆ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಚಿಕ್ಕ ವಾಲ್ವ್ ಇರುತ್ತದೆ. ಅದು ಅಂಟಿಕೊಂಡರೆ ನೀರು ನಿಲ್ಲುತ್ತದೆ, ಸೋರಿದರೆ ಲಿವರ್ ಎಳೆದು ಎರಡು ಮೂರು ಸೆಕೆಂಡ್ ಆದ ಮೇಲೆ ನೀರು ಬರುತ್ತದೆ. ಇಷ್ಟೆಲ್ಲ ಸರಿಯಿದ್ದರೆ ಟ್ಯಾಂಕ್ ತಳದಲ್ಲಿ ಪಾಚಿ, ಕೆಸರು ಕೂತು ಮೋಟಾರಿನ ಜಾಲರಿ ಮುಚ್ಚಿರಬಹುದು. ಟ್ಯಾಂಕ್ ಖಾಲಿ ಮಾಡಿ ತೊಳೆಯಬೇಕು.

ಸದ್ದೇ ಇಲ್ಲದಿದ್ದರೆ ವಿಷಯ ಬೇರೆ. ಮೊದಲು ಫ್ಯೂಸ್. ಯಾವುದು ಅಂತ ಕಾರಿನ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದ್ದು ಹಾಕಿ, ದೊಡ್ಡದು ಹಾಕಬೇಡಿ. ಆಮೇಲೆ ಮೋಟಾರಿನ ಕನೆಕ್ಟರ್ ಬಿಚ್ಚಿ, ಪಿನ್‌ಗಳ ಮೇಲೆ ಹಸಿರು ಕಿಲುಬು ಇದೆಯಾ ನೋಡಿ. ಲಿವರ್ ಎಳೆದಾಗ ಅಲ್ಲಿ ಸುಮಾರು 12 ವೋಲ್ಟ್ ಬರುತ್ತಿದ್ದೂ ಕಿಲುಬು ಒರೆಸಿ ಮತ್ತೆ ಸಿಕ್ಕಿಸಿದ ಮೇಲೂ ಮೋಟಾರ್ ಅಲ್ಲಾಡದಿದ್ದರೆ, ಆಗ ಹೊಸ ಮೋಟಾರ್ ಹಾಕಿಸಿ. ವೋಲ್ಟ್ ಬರದೇ ಇದ್ದರೆ ಸ್ವಿಚ್ ಅಥವಾ ವೈರಿಂಗ್ ಕಡೆ ನೋಡಬೇಕು, ಮೋಟಾರ್ ಬದಲಿಸಿ ಉಪಯೋಗವಿಲ್ಲ.

ಟ್ಯಾಂಕ್‌ಗೆ ಪಾತ್ರೆ ತೊಳೆಯುವ ಸೋಪು ಹಾಕಬೇಡಿ ಅಂತ ಕೈಮುಗಿದು ಕೇಳುತ್ತೇನೆ. ನೊರೆಯಾಗಿ ಗಾಜಿನ ಮೇಲೆ ಕಲೆ ಉಳಿಯುತ್ತದೆ, ಒಣಗಿ ನಾಜಲ್ ಕಟ್ಟುತ್ತದೆ. ನೀರು ಹೆಪ್ಪುಗಟ್ಟುವ ಚಳಿಯಿದ್ದರೆ ಬರೀ ನೀರೂ ಸಾಲದು. ಒಳಗೆ ಮಂಜುಗಡ್ಡೆಯಾಗಿ ಹಿಗ್ಗಿ ಟ್ಯಾಂಕ್ ಸೀಳಬಹುದು, ಹೆಪ್ಪುಗಟ್ಟದ ವಾಷರ್ ದ್ರವವನ್ನೇ ಹಾಕಿ. ನೀರು ಬರದಿದ್ದಾಗ ಸುಮ್ನೆ ಲಿವರ್ ಹಿಡಿದು ಎಳೆಯುತ್ತಲೇ ಇರಬೇಡಿ, ನೀರು ಹರಿಯದೆ ಮೋಟಾರ್ ಬಿಸಿಯಾಗಿ ನಿಜಕ್ಕೂ ಸುಟ್ಟುಹೋಗಬಹುದು. ರಿಪೇರಿ ಆಗುವ ತನಕ ಒಂದು ಬಾಟಲಿ ನೀರು, ಮೆತ್ತನೆಯ ಬಟ್ಟೆ ಕಾರಿನಲ್ಲಿ ಇಟ್ಟುಕೊಳ್ಳಿ. ಧೂಳಿರುವ ಒಣ ಗಾಜಿನ ಮೇಲೆ ವೈಪರ್ ಓಡಿಸಿದರೆ ಗೀರು ಬೀಳುತ್ತದೆ, ಸಂಜೆ ಬಿಸಿಲು ಎದುರಿಗೆ ಬಂದಾಗ ಆ ಗೀರುಗಳೇ ಹೊಳೆದು ರಸ್ತೆ ಕಾಣದಂತೆ ಮಾಡುತ್ತವೆ.