ನೀರು ಇಳಿಯಿತೋ, ನೆಲ ಎದ್ದಿತೋ?

ಬಾಗಲಕೋಟೆಯ ನಮಗೆ ಹಿನ್ನೀರು ಹೊಸದಲ್ಲ. ಬೇಸಿಗೆಯಲ್ಲಿ ಆಲಮಟ್ಟಿ ನೀರು ಇಳಿದರೆ ಮುಳುಗಿದ ನೆಲ ಮತ್ತೆ ಕಾಣುತ್ತದೆ. ಅದಕ್ಕೇ, ಹಿಮದ ಭಾರ ಇಳಿದ ಮೇಲೆ ನೆಲ ಏಳುವ ಈ ಪಾಠದಲ್ಲಿ ನಾವು ಬೇಗ ಎಡವುತ್ತೇವೆ. ದಡ ಮೇಲೆ ಬಂದಿದ್ದರೆ ನೀರೇ ಇಳಿದಿರಬೇಕು, ಅಲ್ವಾ?

ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ಕೂಡ ಹಾಗೇ ಅಂದುಕೊಂಡಿದ್ದರು. ಉಷ್ಣಾಂಶದ ಅಳತೆಗೆ ಹೆಸರು ಬಂದದ್ದು ಇವರಿಂದಲೇ. 1731ರಲ್ಲಿ ಯೆವ್ಲೆ ಊರಿನ ಹತ್ತಿರ, ಕಡಲಂಚಿನ ಬಂಡೆಯೊಂದರ ಮೇಲೆ ಅಂದಿನ ನೀರಿನ ಮಟ್ಟಕ್ಕೆ ಗುರುತು ಕೊರೆಸಿದರು. ಆ ಗುರುತು ಈಗ ನೀರಿಗಿಂತ ಎಷ್ಟೋ ಮೇಲಿದೆ.

ಯಾವುದು ನಿಜ ಅಂತ ತಿಳಿಯುವ ಬಗೆ ನನಗೆ ತುಂಬಾ ಇಷ್ಟ. ಹಿನ್ನೀರು ಒಂದಡಿ ಇಳಿದರೆ ಈ ದಡದಲ್ಲೂ ಒಂದಡಿ, ಆ ದಡದಲ್ಲೂ ಒಂದಡಿ. ಸ್ವೀಡನ್ನಿನಲ್ಲಿ ಹಾಗಿಲ್ಲ. ಸ್ವೀಡನ್, ಫಿನ್‌ಲ್ಯಾಂಡ್ ನಡುವಿನ ಬೋತ್ನಿಯಾ ಕೊಲ್ಲಿಯ ಉತ್ತರ ಭಾಗದ ದಡ ವರ್ಷಕ್ಕೆ ಹತ್ತಿರ ಹತ್ತಿರ 1 ಸೆಂ.ಮೀ. ಏರುತ್ತಿದೆ. ಸ್ಟಾಕ್‌ಹೋಮಿನಲ್ಲಿ ಸುಮಾರು ಅದರ ಅರ್ಧ. ದಕ್ಷಿಣದ ತುದಿಯಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ನೀರು ಹೀಗೆ ಒಂದೊಂದು ಕಡೆ ಒಂದೊಂದು ಲೆಕ್ಕದಲ್ಲಿ ಇಳಿಯುವುದಿಲ್ಲ. ಏಳುತ್ತಿರುವುದು ನೆಲ. ಹಿಂದೆ ಹಿಮಯುಗದಲ್ಲಿ ಹಿಮ ಎಲ್ಲಿ ದಪ್ಪವಾಗಿತ್ತೋ ಅಲ್ಲೇ ಜಾಸ್ತಿ.

ಸುಮಾರು 20,000 ವರ್ಷಗಳ ಹಿಂದೆ ಅಲ್ಲಿ 3 ಕಿ.ಮೀ.ವರೆಗೂ ದಪ್ಪದ ಹಿಮ ಕೂತಿತ್ತು. ಆ ಭಾರಕ್ಕೆ ಭೂಕವಚ ಬಾಗಿ, ಅದರ ಕೆಳಗಿನ ಪದರವಾದ ಮ್ಯಾಂಟಲ್ ಪಕ್ಕಕ್ಕೆ ಸರಿಯಿತು. ಮ್ಯಾಂಟಲ್ ಅಂದರೆ ಕರಗಿದ ರಸ ಅಂತ ಸುಮ್ನೆ ಬರೆದುಬಿಡಬೇಡಿ. ಅದು ಗಟ್ಟಿ ಶಿಲೆಯೇ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಲಾರಿ ನಿಂತ ಕಡೆ ಡಾಂಬರು ತಗ್ಗುವುದನ್ನು ನೋಡಿದ್ದೀರಲ್ಲ? ಭಾರ ಬಹಳ ಹೊತ್ತು ಕೂತರೆ ಗಟ್ಟಿ ವಸ್ತುವೂ ಹರಿಯುತ್ತದೆ. ಮ್ಯಾಂಟಲ್‌ಗೆ ಬೇಕಾದದ್ದು ಸಾವಿರಾರು ವರ್ಷ. ಡಾಂಬರಿನ ತಗ್ಗು ಹಾಗೇ ಉಳಿಯುತ್ತದೆ. ಇಲ್ಲಿ ಸರಿದ ಶಿಲೆ ಮರಳಿ ಬರುತ್ತದೆ. ಹಿಮ ಹೋಗಿ ಸುಮಾರು 10,000 ವರ್ಷವಾದರೂ ಅದಿನ್ನೂ ಬರುತ್ತಲೇ ಇದೆ. ಸ್ವೀಡನ್ನಿನ ‘ಎತ್ತರದ ಕರಾವಳಿ’ಯಲ್ಲಿ ಹಳೆಯ ಕಡಲಂಚಿನ ಗುರುತು ಈಗಿನ ಸಮುದ್ರಕ್ಕಿಂತ 286 ಮೀಟರ್ ಮೇಲಿದೆ!

ಇನ್ನೊಂದು ಏರಿಕೆ ಕೂಡಲೇ ಆಗುವುದು. ಗಾದಿಯ ಮೇಲಿಂದ ಎದ್ದ ತಕ್ಷಣ ಅದು ಸ್ವಲ್ಪ ಉಬ್ಬುತ್ತದಲ್ಲ, ಹಾಗೆ. ಗ್ರೀನ್‌ಲ್ಯಾಂಡಿನ ಬಂಡೆಗಳ ಮೇಲಿನ ಜಿಪಿಎಸ್ ಉಪಕರಣಗಳು ಬೇಸಿಗೆಯ ಹಿಮ ಕರಗಿದ್ದಕ್ಕೂ ನೆಲ ಮಿಸುಕುವುದನ್ನು ಹಿಡಿಯುತ್ತವೆ.

ಅಲಾಸ್ಕಾದ ಗ್ಲೇಷಿಯರ್ ಬೇ ಎಂಬ ಕೊಲ್ಲಿಯಲ್ಲಿ ಈ ಎರಡೂ ಏರಿಕೆ ಕೂಡಿಕೊಂಡಿವೆ. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್ ಅವರ ತಂಡ ಅಲ್ಲಿಗೆ ಬಂದಾಗ ಕೊಲ್ಲಿಯ ಬಹುಭಾಗ ಹಿಮವೇ ಆಗಿತ್ತು. ಈಗ ಹಿಮ ಬಹಳ ಹಿಂದೆ ಸರಿದಿದೆ, ನೆಲ ವರ್ಷಕ್ಕೆ ಸುಮಾರು 3 ಸೆಂ.ಮೀ. ಏಳುತ್ತಿದೆ. ಜಗತ್ತಿನ ಸಮುದ್ರ ಏರುತ್ತಿದ್ದರೂ ಅಲ್ಲಿಯ ದಡದಲ್ಲಿ ನೀರು ಹಿಂದೆ ಹೋಗುತ್ತಿರುವಂತೆ ಕಾಣುವುದು ಇದರಿಂದಲೇ.