ಚಾಸಿಗೆ ವೆಲ್ಡಿಂಗ್ ಮಾಡಿಸಿದರೆ ಆರ್‌ಸಿ ಏನಾಗುತ್ತೆ? ಸೆಕ್ಷನ್ 52ರ ಟಿಪ್ಪಣಿ

ಮೋಟಾರು ವಾಹನ ನಿರೀಕ್ಷಕರ ಪರೀಕ್ಷೆಗೆ ಓದುತ್ತಿರುವವರಿಗೆ ಈ ಟಿಪ್ಪಣಿ. ಚಾಸಿ ಅಂದರೆ ಗಾಡಿಯ ಬುನಾದಿ ಚೌಕಟ್ಟು. ಅದರಲ್ಲಿ ಲ್ಯಾಡರ್ ಫ್ರೇಮ್ (ಏಣಿಯಂಥ ಬೇರೆ ಚೌಕಟ್ಟು) ಯಾವುದು, ಮೊನೊಕಾಕ್ (ಬಾಡಿಯೇ ಚೌಕಟ್ಟು) ಯಾವುದು ಅನ್ನೋದು ಡಿಪ್ಲೊಮಾದಲ್ಲೇ ಮುಗಿದ ಪಾಠ, ಅದನ್ನು ಬಿಟ್ಟಿದ್ದೇನೆ. ತಲೆ ಕೆಡಿಸಿದ್ದು ಕಾನೂನಿನ ಭಾಗ.

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರಲ್ಲಿ ವೆಲ್ಡಿಂಗ್ ಅನ್ನುವ ಮಾತೇ ಬರುವುದಿಲ್ಲ. ಹಾಗಾಗಿ "ವೆಲ್ಡಿಂಗ್ ಮಾಡಿಸಬಹುದಾ?" ಅಂತ ಕೇಳಿದರೆ ಹೌದು ಅಂದರೂ ಸರಿ, ಇಲ್ಲ ಅಂದರೂ ಸರಿ ಅನ್ನಿಸುತ್ತೆ. ಪ್ರಶ್ನೆಯನ್ನು ಮೂರು ತುಂಡು ಮಾಡಿಕೊಳ್ಳಿ. ಗಾಡಿಯ ಗುರುತು ಉಳಿದಿದೆಯಾ? ರಚನೆ ಬದಲಾಗಿದೆಯಾ? ರಸ್ತೆಗೆ ಯೋಗ್ಯವಾಗಿದೆಯಾ? ಮೂರಕ್ಕೂ ಬೇರೆ ಬೇರೆ ಸೆಕ್ಷನ್, ಬೇರೆ ಬೇರೆ ಪರಿಣಾಮ.

ಗುರುತು: ಸೆಕ್ಷನ್ 55(5)

ಗಾಡಿಯ ಮೇಲೆ ಕೊರೆದಿರುವ ಚಾಸಿ ನಂಬರ್ ಅಥವಾ ಎಂಜಿನ್ ನಂಬರ್ ಆರ್‌ಸಿಯಲ್ಲಿರುವ ನಂಬರಿಗೆ ಹೊಂದದಿದ್ದರೆ, ಮಾಲೀಕರ ಮಾತು ಕೇಳಿದ ಮೇಲೆ ನೋಂದಣಿ ಪ್ರಾಧಿಕಾರ ನೋಂದಣಿಯನ್ನು ರದ್ದು ಮಾಡುತ್ತೆ. ಇದು ಅಮಾನತಲ್ಲ, ರದ್ದು.

ಚಾಸಿ ನಂಬರಿನಲ್ಲಿ 17 ಅಕ್ಷರ-ಅಂಕಿಗಳು. ಒಂದು, ಸೊನ್ನೆಗಳ ಜೊತೆ ಗೊಂದಲ ಆಗಬಾರದೆಂದು ಇಂಗ್ಲಿಷಿನ ಐ, ಒ, ಕ್ಯೂ ಬಳಸುವುದಿಲ್ಲ. ಪೆನ್ಸಿಲ್ ಪ್ರಿಂಟ್ ತೆಗೆಯುವುದನ್ನು ಒಮ್ಮೆ ಹತ್ತಿರದಿಂದ ನೋಡಿ: ನಂಬರಿನ ಮೇಲೆ ತೆಳು ಕಾಗದ ಹಿಡಿದು ಪೆನ್ಸಿಲನ್ನು ಓರೆಯಾಗಿ ಉಜ್ಜಿದರೆ ಅಂಕಿಗಳು ಬೆಳ್ಳಗೆ ಉಳಿದು ಸುತ್ತಲೂ ಕಪ್ಪಾಗುತ್ತೆ. ಗ್ರೈಂಡ್ ಮಾಡಿದ ಜಾಗವಾದರೆ ಹಿನ್ನೆಲೆಯಲ್ಲಿ ಗೀರುಗಳೂ ಮೂಡುತ್ತವೆ. ಕದ್ದ ಗಾಡಿಗಳಲ್ಲಿ ನಂಬರಿರುವ ತುಂಡನ್ನೇ ಕತ್ತರಿಸಿ ತಂದು ಬೇರೆ ಚಾಸಿಗೆ ಕೂರಿಸಿರುತ್ತಾರೆ. ಆದ್ದರಿಂದ ನಂಬರಿನ ಆಸುಪಾಸಿನಲ್ಲಿ ಬೆಸುಗೆ ಕಂಡರೆ, ಕೆಲಸ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅನುಮಾನ ಶುರು. ಉಜ್ಜಿ ಅಳಿಸಿದ ನಂಬರನ್ನೂ ಆಸಿಡ್ ಹಚ್ಚಿ ಓದಬಹುದು, ಏಕೆಂದರೆ ಪಂಚ್ ಹೊಡೆದ ಪೆಟ್ಟಿಗೆ ಮೇಲ್ಮೈ ಕೆಳಗಿನ ಲೋಹದ ಕಣರಚನೆಯೂ ಬದಲಾಗಿರುತ್ತೆ. ಲೋಹಶಾಸ್ತ್ರದಲ್ಲಿ ಬೋರು ಹೊಡೆಸಿದ ಎಚ್ಚಿಂಗ್ ಪಾಠ ಇಲ್ಲಿ ಕೆಲಸಕ್ಕೆ ಬಂತು.

ರಚನೆ: ಸೆಕ್ಷನ್ 52(1), ಎಲ್ಲರೂ ಜಾರುವ ಜಾಗ

ಸೆಕ್ಷನ್ ಹೇಳುವುದರ ಸಾರ: ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿ ಮಾಡಿದ ವಿವರಗಳಿಗಿಂತ ಬೇರೆಯಾಗುವ ಹಾಗೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ.

ಇದನ್ನು ನಿಧಾನವಾಗಿ ಓದಿ. ಹೋಲಿಕೆ ಯಾವುದರ ನಡುವೆ? ಗಾಡಿಗೂ ಆರ್‌ಸಿಗೂ ಅಂತ ನಾವೆಲ್ಲ ಓದಿಕೊಳ್ಳುತ್ತೇವೆ. ಅಲ್ಲ. ಆರ್‌ಸಿಗೂ ತಯಾರಕರ ವಿವರಕ್ಕೂ. ಇಷ್ಟು ಹಿಡಿದುಕೊಂಡರೆ "ಆರ್‌ಟಿಒಗೆ ಹೋಗಿ ಆರ್‌ಸಿಯಲ್ಲಿ ಬರೆಸಿಕೊಂಡರೆ ಸರಿಹೋಗುತ್ತೆ" ಅನ್ನುವ ನಂಬಿಕೆ ಬಿದ್ದುಹೋಗುತ್ತೆ.

ಲೆಕ್ಕ ಹಾಕಿ ನೋಡೋಣ. ತಯಾರಕರ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 2400 ಮಿ.ಮೀ. ಅಂತಿಟ್ಟುಕೊಳ್ಳಿ. ಚಾಸಿ ಕತ್ತರಿಸಿ, ನಡುವೆ ತುಂಡು ಸೇರಿಸಿ ವೆಲ್ಡ್ ಮಾಡಿಸಿ 2700 ಮಾಡಿದರು.

ಆರ್‌ಸಿಯನ್ನು ಮುಟ್ಟದೆ ಬಿಟ್ಟರೆ: ಆರ್‌ಸಿ 2400, ತಯಾರಕರು 2400, ಗಾಡಿ 2700. ಕಾಗದದಲ್ಲಿ ಎಲ್ಲ ಸರಿ, ಕಾಗದವೇ ಸುಳ್ಳು.
ಆರ್‌ಸಿಯನ್ನು ತಿದ್ದಿಸಿದರೆ: ಗಾಡಿ 2700, ಆರ್‌ಸಿ 2700, ತಯಾರಕರು 2400. ಈಗ ಆರ್‌ಸಿಯೇ ತಯಾರಕರಿಗಿಂತ ಬೇರೆಯಾಯಿತು. ಸೆಕ್ಷನ್ ಬೇಡ ಅನ್ನುವುದು ಅಕ್ಷರಶಃ ಇದನ್ನೇ.

ಎರಡು ದಾರಿಯೂ ಬಂದ್. ವೀಲ್‌ಬೇಸ್ ಬದಲಿಗೆ ಆಸನಗಳ ಸಂಖ್ಯೆ, ಬಾಡಿ ಮಾದರಿ ಅಥವಾ ಖಾಲಿ ತೂಕ ಹಾಕಿ ನೀವೇ ಇನ್ನೊಮ್ಮೆ ಲೆಕ್ಕ ಮಾಡಿ. ಇವೆಲ್ಲ ನಮೂನೆ 23ರ ಆರ್‌ಸಿಯಲ್ಲಿರುವ ಕಾಲಂಗಳೇ.

ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಕೆ. ಜಯಚಂದ್ರ ಪ್ರಕರಣದಲ್ಲಿ ಹೇಳಿದ್ದೂ ಇದೇ ದಿಕ್ಕಿನಲ್ಲಿ. ಕೇರಳ ಹೈಕೋರ್ಟಿನ ತೀರ್ಪನ್ನು ಬದಿಗಿಟ್ಟು, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ, ನಿಯಮಗಳು ಕಾಯ್ದೆಗೆ ಅಧೀನ ಎಂದಿತು. ಪರೀಕ್ಷೆಗೆ ಈ ತೀರ್ಪಿನ ಹೆಸರು, ವರ್ಷ ಎರಡೂ ಬೇಕು.

ಇನ್ನು ಸೆಕ್ಷನ್ನಿನ ಕೊನೆಯ ವಿವರಣೆ. ವಾಹನದ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಬದಲಾವಣೆ ಮಾತ್ರ ಇಲ್ಲಿ ಮಾರ್ಪಾಡು. ತುಕ್ಕು ತಿಂದ ಕ್ರಾಸ್ ಮೆಂಬರಿಗೆ (ಚಾಸಿಯ ಅಡ್ಡಪಟ್ಟಿಗೆ) ಅದೇ ಅಳತೆಯ, ಅದೇ ದಪ್ಪದ ತಗಡು ಹಾಕಿ ಬೆಸೆದರೆ ಲಕ್ಷಣ ಏನೂ ಬದಲಾಗಲಿಲ್ಲ, ಅದು ರಿಪೇರಿ. ವೀಲ್‌ಬೇಸ್ ಉದ್ದ ಮಾಡಿದ್ದು, ಎಸ್‌ಯುವಿಯ ಹಿಂಭಾಗ ಕತ್ತರಿಸಿ ಪಿಕಪ್ ಮಾಡಿದ್ದು ನಿಸ್ಸಂಶಯವಾಗಿ ಮಾರ್ಪಾಡು. ರಿಪೇರಿ, ಮಾರ್ಪಾಡು ಇವೆರಡರ ಮಧ್ಯೆ ಸಿಕ್ಕಿಕೊಳ್ಳುವುದು ರೋಲ್ ಕೇಜ್, ಅಂದರೆ ಗಾಡಿಯೊಳಗೆ ಕೂರಿಸುವ ಕೊಳವೆಗಳ ರಕ್ಷಣಾ ಪಂಜರ. ಅದರಿಂದ ಆರ್‌ಸಿಯಲ್ಲಿ ಹೆಚ್ಚೆಂದರೆ ಖಾಲಿ ತೂಕ ಅಲುಗುತ್ತೆ. ಆದರೆ ಅಪಘಾತದಲ್ಲಿ ಬಾಡಿ ಎಲ್ಲಿ ಮುದುಡಬೇಕು ಅಂತ ತಯಾರಕರು ಮಾಡಿದ ಲೆಕ್ಕವನ್ನು ಅದು ಕೆಡಿಸುತ್ತೆ, ಮಾರಾಟಕ್ಕೆ ಮೊದಲು ತಯಾರಕರ ಮಾದರಿ ವಾಹನ ಪರೀಕ್ಷೆ ಪಾಸಾಗಿದ್ದೂ ಆ ಲೆಕ್ಕದ ಮೇಲೆಯೇ. ನನ್ನ ಓದಿನ ಪ್ರಕಾರ ಇದನ್ನೂ ಮಾರ್ಪಾಡು ಅಂತಲೇ ಬರೆಯುವುದು ಸುರಕ್ಷಿತ.

ಬೋಲ್ಟ್ ಹಾಕಿದರೆ ಪರವಾಗಿಲ್ಲ, ವೆಲ್ಡ್ ಮಾಡಿದರೆ ಮಾತ್ರ ತಪ್ಪು ಅನ್ನುವ ಮಾತು ಗ್ಯಾರೇಜುಗಳಲ್ಲಿ ಓಡಾಡುತ್ತೆ. ಆಧಾರವಿಲ್ಲ. ಬುಲ್ ಬಾರ್‌ಗಳನ್ನು (ಬಂಪರಿನ ಮುಂದೆ ಹಾಕಿಸುವ ಲೋಹದ ಕಂಬಿಗಳನ್ನು) ಸಾಮಾನ್ಯವಾಗಿ ಬೋಲ್ಟಿನಲ್ಲೇ ಕೂರಿಸುತ್ತಾರೆ. ಆದರೂ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಪತ್ರ ಬರೆದು, ಅವು ಸೆಕ್ಷನ್ 52ರ ಉಲ್ಲಂಘನೆ, ಕ್ರಮ ಕೈಗೊಳ್ಳಿ ಎಂದಿತು.

ವಿನಾಯಿತಿಗಳನ್ನು ಬಾಯಿಪಾಠ ಮಾಡಿಬಿಡಿ: ನಿಯಮದ ಪ್ರಕಾರ ಇಂಧನ ಬದಲಾವಣೆ, ಅಂದರೆ ಸಿಎನ್‌ಜಿಯಂಥದ್ದು; ಅಂಗವಿಕಲರ ಬಳಕೆಗೆ ಹೊಂದಿಸಿದ ವಾಹನ. ಇನ್ನು 14 ದಿನದೊಳಗೆ ಪ್ರಾಧಿಕಾರಕ್ಕೆ ವರದಿ ಮಾಡಬೇಕು ಅನ್ನುವ ಉಪವಿಧಿಯನ್ನು ಕ್ಷಮಾಪಣೆಯ ಅವಧಿ ಅಂತ ಓದಬೇಡಿ. 52(1) ಬೇಡ ಅಂದಿದ್ದನ್ನು 14 ದಿನದಲ್ಲಿ ತಿಳಿಸಿಬಿಟ್ಟರೆ ಅದು ಬೇಕು ಆಗುವುದಿಲ್ಲ.

ಶಿಕ್ಷೆ ಸೆಕ್ಷನ್ 182ಎ(4)ರಲ್ಲಿದೆ, 2019ರ ತಿದ್ದುಪಡಿಯಲ್ಲಿ ಬಂದದ್ದು: ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. "ಪ್ರತಿ ಮಾರ್ಪಾಡಿಗೆ" ಅನ್ನುವುದಕ್ಕೆ ಅಡಿಗೆರೆ ಹಾಕಿಕೊಳ್ಳಿ.

ಯೋಗ್ಯತೆ: ಸೆಕ್ಷನ್ 53

ರಿಪೇರಿಯೇ ಆದರೂ ಬೆಸುಗೆ ಕೆಟ್ಟದಾಗಿದ್ದರೆ ಈ ಸೆಕ್ಷನ್ ಬಂದೇ ಬರುತ್ತೆ. ಸಾರ್ವಜನಿಕರಿಗೆ ಅಪಾಯ ತರುವ ಸ್ಥಿತಿಯಲ್ಲಿರುವ ವಾಹನದ ನೋಂದಣಿಯನ್ನು, ದೋಷ ಸರಿಪಡಿಸುವ ತನಕ ಅಮಾನತು ಮಾಡಬಹುದು. ಕಣ್ಣಿಡಬೇಕಾದ್ದು ಬೆಸುಗೆಯ ಗೆರೆಗಿಂತ ಅದರ ಅಕ್ಕಪಕ್ಕದ, ಶಾಖ ತಾಕಿದ ಪಟ್ಟಿಯ ಮೇಲೆ. ಬಿರುಕು ಹುಟ್ಟುವುದು ಹೆಚ್ಚಾಗಿ ಅಲ್ಲಿ. ಸೈಡ್ ಮೆಂಬರಿನ (ಚಾಸಿಯ ಉದ್ದದ ತೊಲೆಯ) ಮೇಲಿನ, ಕೆಳಗಿನ ಫ್ಲೇಂಜುಗಳಲ್ಲಿ, ಅಂದರೆ ಅಂಚಿನ ಪಟ್ಟಿಗಳಲ್ಲಿ, ಬಾಗುವ ಒತ್ತಡ ಅತಿ ಹೆಚ್ಚು, ಅಲ್ಲಿ ಅಡ್ಡ ಬೆಸುಗೆ ಕಂಡರೆ ಬರೆದುಕೊಳ್ಳಿ. ಹೊಸ ಕಾರುಗಳ ಬಿ-ಪಿಲ್ಲರ್‌ನಲ್ಲಿರುವ (ಮುಂದಿನ, ಹಿಂದಿನ ಬಾಗಿಲುಗಳ ನಡುವಿನ ಕಂಬ) ಬೋರಾನ್ ಸ್ಟೀಲ್ ಎಂಬ ಅತಿ ಗಟ್ಟಿ ಉಕ್ಕು ಬಿಸಿಯಾದರೆ ಗಟ್ಟಿತನ ಕಳೆದುಕೊಳ್ಳುತ್ತೆ, ಹೊರಗಿನಿಂದ ನೋಡಿದರೆ ಗೊತ್ತಾಗುವುದೂ ಇಲ್ಲ. ಖಾಸಗಿ ಕಾರಿನಲ್ಲಿ ಇದು ಸಿಕ್ಕಿಬೀಳುವುದು ಬಹುಪಾಲು 15 ವರ್ಷಕ್ಕೆ ನೋಂದಣಿ ನವೀಕರಣಕ್ಕೆ ಬಂದಾಗ.

ವಿಂಟೇಜ್

2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮದಲ್ಲಿ ಚಾಸಿಯ ಮಾರ್ಪಾಡನ್ನು ಹೆಸರು ಹಿಡಿದೇ ಹೇಳಿದ್ದಾರೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ್ದರೆ ಸಾಲದು, ಚಾಸಿ, ಬಾಡಿ ಶೆಲ್ ಅಥವಾ ಎಂಜಿನ್ ಮಾರ್ಪಡಿಸಿದಂಥ ದೊಡ್ಡ ಬದಲಾವಣೆ ಆಗಿರಬಾರದು. ಅರ್ಜಿ ಹಾಕುವವರು 20,000 ರೂಪಾಯಿ ಶುಲ್ಕ ಕಟ್ಟುವ ಮೊದಲೇ ಗಾಡಿಯ ಅಡಿಗೆ ಟಾರ್ಚ್ ಬಿಟ್ಟು ನೋಡಿಕೊಳ್ಳುವುದು ಒಳ್ಳೆಯದು.