ಟೆಸ್ಟ್‌ಗಳನ್ನು ಗುಂಪು ಮಾಡುವುದು ಯಾವ ಲೆಕ್ಕದಲ್ಲಿ?

ಯೂನಿಟ್ ಟೆಸ್ಟ್ ಎಂದರೆ ತಂತ್ರಾಂಶದ ಒಂದು ಸಣ್ಣ ಭಾಗವನ್ನು ಮಾತ್ರ ಎತ್ತಿಕೊಂಡು, ಅದು ಮಾಡಬೇಕಾದ ಕೆಲಸವನ್ನು ಮಾಡುತ್ತಿದೆಯೇ ಎಂದು ನೋಡುವ ಪುಟ್ಟ ಪ್ರೋಗ್ರಾಂ. ಹತ್ತಿಪ್ಪತ್ತು ಇದ್ದಾಗ ಎಲ್ಲಿಟ್ಟರೂ ನಡೆಯುತ್ತದೆ. ಸಾವಿರ ದಾಟಿ, ಎಲ್ಲವನ್ನೂ ಓಡಿಸಲು ಅರ್ಧ ಗಂಟೆ ಹಿಡಿಯತೊಡಗಿದರೆ ಡೆವಲಪರ್‌ಗಳು ಸದ್ದಿಲ್ಲದೆ ಟೆಸ್ಟ್ ಓಡಿಸುವುದನ್ನೇ ಬಿಟ್ಟುಬಿಡುತ್ತಾರೆ.

ಮೊದಲು ಎಲ್ಲರ ಕಣ್ಣು ಹೋಗುವುದು ಫೋಲ್ಡರ್‌ಗಳ ಕಡೆಗೆ. ಕೋಡನ್ನು ಜೋಡಿಸಿ ಕಟ್ಟುವ ಮೇವನ್ ಎಂಬ ಸಾಧನ ಬಳಸುವ ಜಾವಾ ಪ್ರಾಜೆಕ್ಟ್‌ಗಳಲ್ಲಿ ಟೆಸ್ಟ್‌ಗಳಿಗೆ ಪ್ರತ್ಯೇಕ ಫೋಲ್ಡರ್. ಗೋ ಭಾಷೆಯಲ್ಲಿ ಅವು ಕೋಡಿನ ಪಕ್ಕದಲ್ಲೇ ಇರುತ್ತವೆ. ಯಾವುದು ಸರಿ ಎಂಬ ಜಗಳಕ್ಕೆ ಕೊನೆಯಿಲ್ಲ, ನನಗಂತೂ ಅದರಲ್ಲಿ ಆಸಕ್ತಿಯಿಲ್ಲ. ಟೆಸ್ಟ್ ಯಾವ ಕೋಡಿಗೆ ಸೇರಿದ್ದು ಎಂದು ಫೋಲ್ಡರ್ ಹೇಳೀತು, ಅದನ್ನು ಯಾವಾಗ ಓಡಿಸಬೇಕು ಎಂದು ಹೇಳಲಾರದು.

ಗೂಗಲ್‌ನವರು ಟೆಸ್ಟ್‌ಗಳನ್ನು ಸ್ಮಾಲ್, ಮೀಡಿಯಂ, ಲಾರ್ಜ್ ಎಂದು ವಿಂಗಡಿಸುತ್ತಾರೆ. ಇಲ್ಲಿ ಅಳತೆ ಕೋಡಿನ ಉದ್ದದ್ದಲ್ಲ, ಟೆಸ್ಟ್ ಏನನ್ನು ಮುಟ್ಟುತ್ತದೆ ಎಂಬುದರದು. ಸ್ಮಾಲ್ ಟೆಸ್ಟ್ ಒಂದೇ ಪ್ರೋಸೆಸ್, ಅಂದರೆ ಓಡುತ್ತಿರುವ ಒಂದೇ ಪ್ರೋಗ್ರಾಂ ಒಳಗೆ ಮುಗಿಯಬೇಕು. ನೆಟ್‌ವರ್ಕ್, ಡಿಸ್ಕ್ ಮುಟ್ಟುವಂತಿಲ್ಲ. ಮೀಡಿಯಂ ಒಂದು ಯಂತ್ರ ದಾಟಬಾರದು. ಲಾರ್ಜ್‌ಗೆ ಆ ಕಟ್ಟೂ ಇಲ್ಲ. ಪ್ರತಿ ಬದಲಾವಣೆಗೂ ಸ್ಮಾಲ್ ಗುಂಪನ್ನು ಓಡಿಸಿ, ಉಳಿದವನ್ನು ರಾತ್ರಿಗೆ ಬಿಡಬಹುದು.

ಇಂಥ ಗುಂಪುಗಳಿಗೆ ಫೋಲ್ಡರ್‌ಗಿಂತ ಟ್ಯಾಗ್, ಅಂದರೆ ಹೆಸರಿನ ಚೀಟಿ, ಒಳ್ಳೆಯದು, ಒಂದೇ ಟೆಸ್ಟ್‌ಗೆ ಎರಡು ಮೂರು ಅಂಟಿಸಬಹುದು. ಜಾವಾ ಟೆಸ್ಟ್‌ಗಳನ್ನು ಓಡಿಸುವ ಜೆಯುನಿಟ್‌ಗೆ ಈ ಸೌಲಭ್ಯ 2009ರಲ್ಲಿ ಕೆಟಗರಿ ಎಂಬ ಹೆಸರಲ್ಲಿ ಬಂತು. 2017ರ ಜೆಯುನಿಟ್ 5ರಲ್ಲಿ ಅದು ಟ್ಯಾಗ್ ಆಯಿತು. ಪೈಥಾನ್ ಟೆಸ್ಟ್‌ಗಳನ್ನು ಓಡಿಸುವ ಪೈಟೆಸ್ಟ್‌ನಲ್ಲಿ ಅದು ಮಾರ್ಕರ್. ಆದರೆ 'ಸ್ಲೋ' ಮಾರ್ಕರ್‌ನ ಒಂದು ಅಕ್ಷರ ತಪ್ಪಿದರೂ ಆ ನಿಧಾನದ ಟೆಸ್ಟ್ ವೇಗದ ಗುಂಪಿಗೆ ನುಸುಳುತ್ತದೆ. ಪೈಟೆಸ್ಟ್ ತಾನಾಗಿ ಕೊಡುವುದು ಎಚ್ಚರಿಕೆಯನ್ನಷ್ಟೇ. ನೋಂದಾಯಿಸದ ಮಾರ್ಕರ್ ಕಂಡರೆ ನಿಲ್ಲು ಎಂದು ನಾವೇ ಹೇಳಬೇಕು.

ಇಷ್ಟೆಲ್ಲ ಮಾಡಿದರೂ ಟೆಸ್ಟ್‌ಗಳು ಒಂದನ್ನೊಂದು ನೆಚ್ಚಿಕೊಂಡಿದ್ದರೆ ವಿಂಗಡಣೆ ಕೆಡುತ್ತದೆ. ಮೊದಲ ಟೆಸ್ಟ್ ಬರೆದಿಟ್ಟ ಡೇಟಾವನ್ನು ಎರಡನೆಯದು ಓದುತ್ತದೆ ಎನ್ನಿ. ಎರಡನೆಯದಕ್ಕೆ ಮಾತ್ರ ಟ್ಯಾಗ್ ಹಚ್ಚಿ ಓಡಿಸಿದರೆ, ಕೋಡಿನಲ್ಲಿ ತಪ್ಪಿಲ್ಲದೆಯೂ ಅದು ಫೇಲ್. 2011ರಲ್ಲಿ ಜಾವಾ 7 ಬಂದಾಗ ಈ ರೋಗ ಹಲವು ಪ್ರಾಜೆಕ್ಟ್‌ಗಳಲ್ಲಿ ಬಯಲಾಯಿತು. ಅಲ್ಲಿಯವರೆಗೆ ಜೆಯುನಿಟ್‌ಗೆ ಟೆಸ್ಟ್ ಮೆಥಡ್‌ಗಳು (ಒಂದೊಂದು ಟೆಸ್ಟ್ ಇರುವ ಕೋಡಿನ ತುಣುಕುಗಳು) ಬಹುಮಟ್ಟಿಗೆ ಬರೆದ ಕ್ರಮದಲ್ಲೇ ಸಿಗುತ್ತಿದ್ದವು. ಭಾಷೆ ಹಾಗೆಂದು ಮಾತು ಕೊಟ್ಟಿರಲಿಲ್ಲ, ಅಷ್ಟೇ. ಕ್ರಮ ಬದಲಾದದ್ದೇ ತಡ, ಅದನ್ನು ನಂಬಿಕೊಂಡಿದ್ದ ಟೆಸ್ಟ್‌ಗಳು ಬಿದ್ದವು. ಮರುವರ್ಷ ಜೆಯುನಿಟ್ 4.11 ಪ್ರತಿ ಸಲವೂ ಒಂದೇ ಕ್ರಮ ಬರುವಂತೆ ಮಾಡಿತು.

ನನಗೆ ಹಿಡಿಸುವುದು ಇದರ ತದ್ವಿರುದ್ಧ ದಾರಿ: ಬೇಕೆಂದೇ ಕ್ರಮ ಕಲಸುವುದು. 2021ರ ಗೋ 1.17ರಲ್ಲಿ ಇದಕ್ಕೆಂದೇ ಶಫಲ್ ಆಯ್ಕೆಯಿದೆ. ಕಲಸಲು ಬಳಸಿದ ಸಂಖ್ಯೆಯನ್ನು ಅದು ಮುದ್ರಿಸುತ್ತದೆ, ಹಾಗಾಗಿ ಟೆಸ್ಟ್ ಬಿದ್ದ ಆ ಕ್ರಮವನ್ನೇ ಮತ್ತೆ ಓಡಿಸಿ ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಎಂದು ಹುಡುಕಬಹುದು.